ನ್ಯಾಯಸ್ಥಾನದ ಆಜ್ಞೆಯೂ ಮಗುವಿನ ಸಮಕ್ಷಮ ಭೇಟಿಯೂ

ಗಂಡಹೆಂಡಿರ ವಿವಾಹಸಂಬಂಧವನ್ನು ನ್ಯಾಯಸ್ಥಾನವು ಕಡಿದುಹಾಕಬಲ್ಲುದು. ಆದರೆ ತಂದೆಗೂ ಮಗುವಿಗೂ, ತಾಯಿಗೂ ಮಗುವಿಗೂ ಇರುವ ಸಂಬಂಧವನ್ನು ಕಡಿಯತಕ್ಕ ಶಕ್ತಿ ವಿವಾಹವಿಚ್ಛೇದನದ ಯಾವ ಡಿಕ್ರಿಗೂ ಇಲ್ಲ. ದಂಪತಿಗಳು ಬೇರೆಯಾದ ಮೇಲೆ ಮಗುವು ಸಾಮಾನ್ಯವಾಗಿ ಒಬ್ಬರ ಮನೆಯಲ್ಲಿ ಬೆಳೆಯುವುದು. ಇನ್ನೊಬ್ಬರು ಗೊತ್ತಾದ ದಿವಸಗಳಲ್ಲಿ ಅದನ್ನು ಕಂಡು ಮಾತನಾಡಿಸುವರು. ಬಹುಮಟ್ಟಿನ ಕುಟುಂಬಗಳಲ್ಲಿ ಇದಕ್ಕೆ ಹೊರಗಿನವರ ನೆರವು ಬೇಕಾಗುವುದಿಲ್ಲ. ಆದರೆ ಕೆಲವು ವ್ಯಾಜ್ಯಗಳಲ್ಲಿ, ಹೀಗೆ ಕಾಣಬರುವವರಿಂದಲೇ ಮಗುವಿಗೆ ಕೇಡಾದೀತೆಂಬ ಶಂಕೆಯನ್ನು ಎದುರುಕಕ್ಷಿಯವರು ನ್ಯಾಯಾಧಿಪತಿಯ ಮುಂದಿಡುವರು. ಆಗ ಆತನ ಎದುರಿಗೆ ಎರಡು ಭಯಗಳು ಒಟ್ಟಿಗೆ ನಿಲ್ಲುವುವು. ಭೇಟಿಗೆ ಅವಕಾಶ ಕೊಟ್ಟರೆ ಮಗುವಿಗೆ ಅಪಾಯವಾದೀತು. ಕೊಡದೆ ಹೋದರೆ ಹೆತ್ತವರಿಬ್ಬರೂ ಬದುಕಿರುವಾಗಲೇ ಮಗುವು ಒಬ್ಬರನ್ನು ಕಳೆದುಕೊಂಡೀತು. ಇವೆರಡರ ನಡುವೆ ಕಂಡುಕೊಂಡ ಉಪಾಯವೇ ಮೂರನೆಯ ವ್ಯಕ್ತಿಯೊಬ್ಬರ ಕಣ್ಣೆದುರಿನಲ್ಲಿ ನಡೆಯತಕ್ಕ ಭೇಟಿ. ಇದನ್ನು ಈ ಲೇಖನದಲ್ಲಿ ಸಮಕ್ಷಮ ಭೇಟಿಯೆಂದೂ, ಅಲ್ಲಿ ಹಾಜರಿರುವ ಮೂರನೆಯವರನ್ನು ಮೇಲ್ವಿಚಾರಕರೆಂದೂ ಕರೆಯೋಣ.

ಇಂತಹ ಆಜ್ಞೆಯನ್ನು ಮಾಡಲು ನಮ್ಮ ದೇಶದ ನ್ಯಾಯಾಧಿಪತಿಗಳಿಗೆ ಅಧಿಕಾರವುಂಟು, ಅದರಲ್ಲಿ ಸಂದೇಹವಿಲ್ಲ. ಆದರೆ ಆ ಮೂರನೆಯ ವ್ಯಕ್ತಿಯು ಯಾರಾಗಿರಬೇಕು, ಏನು ಮಾಡಬೇಕು, ಎಷ್ಟು ಕಾಲ ಇರಬೇಕು ಎಂಬ ವಿಷಯದಲ್ಲಿ ನಮ್ಮ ಕೇಂದ್ರಶಾಸನಗಳು ಮೌನವಾಗಿವೆ. ಆದುದರಿಂದ ಸಮಕ್ಷಮ ಭೇಟಿಯ ಆಜ್ಞೆಯು ಮಗುವಿಗೆ ರಕ್ಷಣೆಯಾಗುವುದೋ ಸೆರೆಮನೆಯ ಭೇಟಿಯಂತೆ ಆಗುವುದೋ ಎಂಬುದು ಆ ಒಂದು ಆಜ್ಞೆಯಲ್ಲಿ ಬರೆದಿರುವ ವಿವರಗಳನ್ನೇ ಅವಲಂಬಿಸಿರುವುದು. ಈ ಮಾತನ್ನು ಶಾಸನ, ತೀರ್ಪು ಮತ್ತು ಇತರ ದೇಶಗಳ ಆಚರಣೆಗಳ ಆಧಾರದಿಂದ ವಿಶದಪಡಿಸುವುದೇ ಇಲ್ಲಿಯ ಉದ್ದೇಶ.

೧. ಪೂರ್ವಚರಿತ್ರೆ

ನಮ್ಮ ನ್ಯಾಯಸ್ಥಾನಗಳು ಇಂದು ಅನುಸರಿಸುವ ಪದ್ಧತಿಯು ಆಂಗ್ಲ ನ್ಯಾಯಶಾಸ್ತ್ರದಿಂದ ಬಂದದ್ದಾದುದರಿಂದ ಮೊದಲು ಅಲ್ಲಿಯ ಸ್ಥಿತಿಯನ್ನು ಸಂಕ್ಷೇಪವಾಗಿ ನೋಡತಕ್ಕದ್ದು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಇಂಗ್ಲೆಂಡಿನ ಸಾಮಾನ್ಯ ನ್ಯಾಯದ ಪ್ರಕಾರ ಧರ್ಮಪತ್ನಿಯಲ್ಲಿ ಹುಟ್ಟಿದ ಮಕ್ಕಳ ಮೇಲೆ ತಂದೆಯ ಹಕ್ಕು ಬಹುಮಟ್ಟಿಗೆ ನಿರಂಕುಶವಾಗಿದ್ದಿತು. ೧೮೦೪ರ ಒಂದು ಮೊಕದ್ದಮೆಯಲ್ಲಿ, ತಾಯಿಯಿಂದ ಬೇರೆಯಾಗಿದ್ದ ತಂದೆಯೊಬ್ಬನು ಇನ್ನೂ ಮೊಲೆಯುಣ್ಣುತ್ತಿದ್ದ ಎಂಟು ತಿಂಗಳ ಕೂಸನ್ನು ಬಲಾತ್ಕಾರವಾಗಿ ಎತ್ತಿಕೊಂಡು ಹೋದಾಗಲೂ ನ್ಯಾಯಸ್ಥಾನವು ಕೂಸನ್ನು ಅವನಲ್ಲಿಯೇ ಬಿಟ್ಟಿತು. ತಾಯಿಗೆ ಮಗುವನ್ನು ಇಟ್ಟುಕೊಳ್ಳುವ ಹಕ್ಕು ಹಾಗಿರಲಿ, ನೋಡುವ ಹಕ್ಕನ್ನು ಕೂಡ ಕಾಯಿದೆಯು ಮನ್ನಿಸಲಿಲ್ಲ.

ಈ ಸ್ಥಿತಿಯನ್ನು ಅಲುಗಿಸಿದವಳು ಕ್ಯಾರೊಲಿನ್ ನಾರ್ಟನ್ ಎಂಬ ಲೇಖಕಿ. ೧೮೩೬ರಲ್ಲಿ ಆಕೆಯ ಗಂಡನು ಮೂವರು ಗಂಡುಮಕ್ಕಳನ್ನೂ ಆಕೆಯಿಂದ ಅಗಲಿಸಿದನು. ಆಕೆ ಕಿರುಹೊತ್ತಗೆಗಳನ್ನು ಬರೆದು ಪಾರ್ಲಿಮೆಂಟಿನ ಸದಸ್ಯರ ಮನಸ್ಸನ್ನು ತಿರುಗಿಸಿದಳು; ಟಾಲ್ಫರ್ಡ್ ಎಂಬ ಸದಸ್ಯನು ಮಂಡಿಸಿದ ಮಸೂದೆಯು ೧೮೩೯ರಲ್ಲಿ ಶಾಸನವಾಯಿತು. ಅದರ ಮೇರೆಗೆ ಏಳು ವರ್ಷದೊಳಗಿನ ಮಕ್ಕಳನ್ನು ತನ್ನ ವಶಕ್ಕೆ ಕೊಡಬೇಕೆಂದೂ, ಅದಕ್ಕಿಂತ ದೊಡ್ಡ ಮಕ್ಕಳನ್ನು ಕಾಣಲು ಅವಕಾಶ ಬೇಕೆಂದೂ ತಾಯಿಯು ಅರ್ಜಿ ಮಾಡಿಕೊಳ್ಳಬಹುದಾಯಿತು. ಮಗುವನ್ನು ಕಾಣುವ ಅವಕಾಶವು ಆಂಗ್ಲ ಶಾಸನದಲ್ಲಿ ಸ್ಪಷ್ಟವಾದ ಸ್ಥಾನವನ್ನು ಪಡೆದದ್ದು ಹೀಗೆ. ಆದರೆ ಆ ಶಾಸನವು ಸ್ಕಾಟ್ಲೆಂಡಿಗೆ ಅನ್ವಯಿಸುತ್ತಿರಲಿಲ್ಲ. ನಾರ್ಟನಳ ಮಕ್ಕಳು ಅಲ್ಲಿದ್ದರು. ೧೮೪೨ರಲ್ಲಿ ಕಿರಿಯ ಮಗನು ಕುದುರೆಯಿಂದ ಬಿದ್ದು ಗಾಯಗೊಂಡು ತೀರಿಕೊಂಡನು. ತಾಯಿ ಬಂದು ಮುಟ್ಟುವ ವೇಳೆಗೆ ಅವನ ಪ್ರಾಣ ಹೋಗಿತ್ತು. ಹಕ್ಕನ್ನು ಶಾಸನದಲ್ಲಿ ಬರೆಯುವುದು ಬೇರೆ, ಅದು ಮಗುವಿದ್ದೆಡೆಗೆ ತಲಪುವಂತೆ ಏರ್ಪಡಿಸುವುದು ಬೇರೆ ಎಂಬುದಕ್ಕೆ ಈ ವೃತ್ತಾಂತವು ನಿದರ್ಶನವಾಗಿದೆ.

೧೮೮೬ರ ಶಾಸನವು ಮಗುವಿನ ಹಿತವನ್ನು ಪರಿಗಣಿಸಬೇಕೆಂದಿತು. ೧೯೨೫ರ ಶಾಸನವು ಆ ಹಿತವೇ ಮೊದಲನೆಯದೂ ಪರಮವೂ ಆದ ವಿಚಾರವೆಂದು ಸಾರಿತು. ತಂದೆಯ ಹಕ್ಕಿನಿಂದ ಮಗುವಿನ ಹಿತಕ್ಕೆ ಬರಲು ಆಂಗ್ಲ ನ್ಯಾಯಕ್ಕೆ ಒಂದು ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು.

೨. ಭಾರತದ ಶಾಸನಗಳು

ನಮ್ಮ ದೇಶದಲ್ಲಿ ಈ ವಿಷಯಕ್ಕೆ ಮೂಲಾಧಾರವಾದುದು ೧೮೯೦ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಆಕ್ಟ್, ಎಂದರೆ ರಕ್ಷಕರನ್ನೂ ರಕ್ಷ್ಯರನ್ನೂ ಕುರಿತ ಕಾಯಿದೆ. ಇದು ಎಲ್ಲ ಮತದವರಿಗೂ ಅನ್ವಯಿಸುವುದು. ಇದರ ೧೨ನೆಯ ಪ್ರಕರಣದಂತೆ ವಿಚಾರಣೆ ಮುಗಿಯುವುದಕ್ಕೆ ಮೊದಲೇ ಮಗುವನ್ನು ಹಾಜರುಪಡಿಸುವಂತೆಯೂ, ಅದರ ರಕ್ಷಣೆಗೆ ತಾತ್ಕಾಲಿಕ ಏರ್ಪಾಡು ಮಾಡುವಂತೆಯೂ ನ್ಯಾಯಸ್ಥಾನವು ಆಜ್ಞಾಪಿಸಬಹುದು. ೧೭ನೆಯ ಪ್ರಕರಣದಲ್ಲಿ ರಕ್ಷಕನನ್ನು ನೇಮಿಸುವಾಗ ಮಗುವಿನ ವಯಸ್ಸು, ಲಿಂಗ, ಮತ, ರಕ್ಷಕನಾಗತಕ್ಕವನ ನಡತೆ ಮತ್ತು ಯೋಗ್ಯತೆ ಮೊದಲಾದುವನ್ನು ನೋಡಬೇಕೆಂದು ವಿಧಿಸಿದೆ. ಮಗುವು ವಿವೇಚಿಸಿ ಹೇಳಬಲ್ಲ ವಯಸ್ಸಿನದಾದರೆ ಅದರ ಇಷ್ಟವನ್ನೂ ಕೇಳಬಹುದು.

ಹಿಂದೂಗಳ ವಿಷಯದಲ್ಲಿ ೧೯೫೫ರ ಹಿಂದೂ ವಿವಾಹ ಕಾಯಿದೆಯ ೨೬ನೆಯ ಪ್ರಕರಣವು ಮಕ್ಕಳ ವಶ, ಪೋಷಣೆ, ವಿದ್ಯಾಭ್ಯಾಸಗಳ ಬಗ್ಗೆ ಕಾಲಕಾಲಕ್ಕೆ ಆಜ್ಞೆ ಮಾಡುವ ಅಧಿಕಾರವನ್ನು ಕೊಟ್ಟಿದೆ. ೧೯೫೬ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ರಕ್ಷಕತ್ವದ ಕಾಯಿದೆಯು ಐದು ವರ್ಷ ತುಂಬದ ಮಗುವು ಸಾಮಾನ್ಯವಾಗಿ ತಾಯಿಯ ಬಳಿಯಲ್ಲಿರತಕ್ಕದ್ದೆಂದೂ, ಮಗುವಿನ ಹಿತವೇ ಪರಮವಿಚಾರವೆಂದೂ ಹೇಳುವುದು. ಕ್ರೈಸ್ತರಿಗೆ ೧೮೬೯ರ, ಪಾರ್ಸಿಗಳಿಗೆ ೧೯೩೬ರ, ವಿಶೇಷ ವಿವಾಹ ಮಾಡಿಕೊಂಡವರಿಗೆ ೧೯೫೪ರ ಕಾಯಿದೆಗಳಲ್ಲಿ ಇಂಥವೇ ವಿಧಿಗಳಿವೆ. ಇವುಗಳಲ್ಲೆಲ್ಲ ವಶದ ಮಾತುಂಟು. ಭೇಟಿಯು ಹೇಗೆ ನಡೆಯಬೇಕೆಂಬ ಮಾತಿಲ್ಲ.

ಮಗುವನ್ನು ಕಾಣುವ ಹಕ್ಕು ಹೆಸರು ಹಿಡಿದು ಬರುವುದು ೧೯೮೪ರ ಕುಟುಂಬ ನ್ಯಾಯಾಲಯಗಳ ಕಾಯಿದೆಯಲ್ಲಿ. ಅದರ ೭ನೆಯ ಪ್ರಕರಣದ ವಿವರಣೆಯು ಮಗುವಿನ ರಕ್ಷಕತ್ವ ಮತ್ತು ವಶಗಳ ಜೊತೆಗೆ ಮಗುವನ್ನು ಕಾಣುವ ಅವಕಾಶವನ್ನೂ ಈ ನ್ಯಾಯಾಲಯಗಳ ವ್ಯಾಪ್ತಿಗೆ ಸೇರಿಸಿದೆ. ೫ ಮತ್ತು ೬ನೆಯ ಪ್ರಕರಣಗಳು ಸಮಾಜಸೇವಾಸಂಸ್ಥೆಗಳ ಹಾಗೂ ಆಪ್ತಸಲಹೆಗಾರರ ಸಹಾಯಕ್ಕೆ ದಾರಿ ಮಾಡಿವೆ. ೧೨ನೆಯದು ವೈದ್ಯರ ಮತ್ತು ಕುಟುಂಬಹಿತದಲ್ಲಿ ನುರಿತವರ ನೆರವನ್ನು ಪಡೆಯಲು ಬಿಡುವುದು. ಇನ್ನೊಂದು ಮುಖ್ಯವಾದ ವಿಧಿಯು ೨೦೦೫ರ ಗೃಹಹಿಂಸೆಯಿಂದ ಮಹಿಳೆಯರ ರಕ್ಷಣೆಯ ಕಾಯಿದೆಯ ೨೧ನೆಯ ಪ್ರಕರಣದಲ್ಲಿದೆ. ಮ್ಯಾಜಿಸ್ಟ್ರೇಟರು ಬಾಧಿತಳಾದ ಸ್ತ್ರೀಗೆ ಮಕ್ಕಳ ತಾತ್ಕಾಲಿಕ ವಶವನ್ನು ಕೊಟ್ಟು, ಎದುರುಕಕ್ಷಿಯ ಭೇಟಿಗೆ ಅವಶ್ಯವಾದ ಏರ್ಪಾಡನ್ನು ಸೂಚಿಸಬಹುದು. ಆದರೆ ಆ ಭೇಟಿಯು ಮಗುವಿನ ಹಿತಕ್ಕೆ ಬಾಧಕವೆಂದು ತೋರಿದರೆ ಅದನ್ನು ನಿರಾಕರಿಸಲೇಬೇಕು. ಸಮಕ್ಷಮ ಭೇಟಿಯೆಂಬುದು ಎಲ್ಲ ಶಂಕೆಗೂ ಮದ್ದಲ್ಲವೆಂಬುದನ್ನು ಈ ವಿಧಿಯು ನೆನಪಿಗೆ ತರುತ್ತದೆ. ಯಾರು ಎಷ್ಟು ಕಣ್ಣಿಟ್ಟು ಕಾದರೂ ಮಗುವು ನಡುಗುವುದಾದರೆ ಅಲ್ಲಿ ಭೇಟಿಯೇ ಕೂಡದು.

೨೦೧೫ರಲ್ಲಿ ಭಾರತದ ಕಾನೂನು ಆಯೋಗವು ತನ್ನ ೨೫೭ನೆಯ ವರದಿಯಲ್ಲಿ, ವಶ, ಪೋಷಣೆ, ಭೇಟಿಗಳನ್ನು ಕುರಿತ ಹೊಸ ಅಧ್ಯಾಯವೊಂದನ್ನು ೧೮೯೦ರ ಕಾಯಿದೆಗೆ ಸೇರಿಸಬೇಕೆಂದು ಶಿಫಾರಸು ಮಾಡಿತು. ಆ ಅಧ್ಯಾಯವು ಕಾಯಿದೆಯೊಳಗೆ ಸೇರದೆ ಉಳಿದಿದೆ. ಆದುದರಿಂದ ನ್ಯಾಯಾಧಿಪತಿಯು ಶಾಸನದ ಮೌನವನ್ನು ತನ್ನ ವಿವೇಚನೆಯಿಂದಲೇ ತುಂಬಬೇಕಾಗಿದೆ.

೩. ಭೇಟಿಯು ಯಾರ ಹಕ್ಕು?

ವಾದದ ವೇಳೆಯಲ್ಲಿ ಭೇಟಿಯನ್ನು ತಂದೆಯ ಹಕ್ಕೆಂದೋ ತಾಯಿಯ ಔದಾರ್ಯವೆಂದೋ ವರ್ಣಿಸುವುದು ವಾಡಿಕೆ. ಈ ವರ್ಣನೆಯಿಂದಲೇ ಅರ್ಧ ಅನರ್ಥಗಳು ಹುಟ್ಟುವುವು. ಹಕ್ಕು ತಂದೆಯದೆಂದರೆ ಮೇಲ್ವಿಚಾರಣೆಯು ಆತನಿಗೆ ವಿಧಿಸಿದ ಶಿಕ್ಷೆಯಂತೆ ಕಾಣುವುದು. ಔದಾರ್ಯವು ತಾಯಿಯದೆಂದರೆ ಅದನ್ನು ಆಕೆ ಇಷ್ಟ ಬಂದಾಗ ಹಿಂದಕ್ಕೆ ತೆಗೆದುಕೊಳ್ಳಬಹುದೆಂದಾಗುವುದು. ನಿಜವಾಗಿ ಹಕ್ಕು ಮಗುವಿನದು.

ಮಕ್ಕಳು ತಂದೆತಾಯಿಗಳ ಸೊತ್ತೂ ಅಲ್ಲ, ಆಟದ ಬೊಂಬೆಗಳೂ ಅಲ್ಲ ಎಂಬ ಅಭಿಪ್ರಾಯವನ್ನು ಸರ್ವೋಚ್ಚ ನ್ಯಾಯಾಲಯವು ೧೯೭೩ರಷ್ಟು ಹಿಂದೆಯೇ ವ್ಯಕ್ತಪಡಿಸಿತು. ವಿಶ್ವಸಂಸ್ಥೆಯ ೧೯೮೯ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ ೯ನೆಯ ಅನುಚ್ಛೇದದಲ್ಲಿ, ತಂದೆಯಿಂದಾಗಲಿ ತಾಯಿಯಿಂದಾಗಲಿ ಬೇರೆಯಾದ ಮಗುವಿಗೆ ಅವರೊಡನೆ ಕ್ರಮವಾಗಿ ನೇರಸಂಪರ್ಕವಿಟ್ಟುಕೊಳ್ಳುವ ಹಕ್ಕುಂಟೆಂದೂ, ಅದು ಮಗುವಿನ ಹಿತಕ್ಕೆ ವಿರೋಧವಾದಾಗ ಮಾತ್ರ ಹೊರತೆಂದೂ ಹೇಳಿದೆ. ಈ ಒಡಂಬಡಿಕೆಗೆ ಭಾರತವು ೧೯೯೨ರ ಡಿಸೆಂಬರಿನಲ್ಲಿ ಸೇರಿತು. ೨೦೨೦ರ ಜನವರಿಯ ಒಂದು ತೀರ್ಪಿನಲ್ಲಿ ನ್ಯಾಯಮೂರ್ತಿಗಳಾದ ದೀಪಕ್ ಗುಪ್ತ ಮತ್ತು ಅನಿರುದ್ಧ ಬೋಸ್ ಅವರು ತಂದೆತಾಯಿಗಳಿಬ್ಬರ ಪ್ರೀತಿಯನ್ನೂ ಪಡೆಯುವುದು ಮಗುವಿನ ಮಾನವಹಕ್ಕೆಂದು ಒಪ್ಪಿ, ವಶವು ಒಬ್ಬರಲ್ಲಿದ್ದಾಗ ಇನ್ನೊಬ್ಬರ ಭೇಟಿಗೆ ಸಾಕಷ್ಟು ಅವಕಾಶವಿರಬೇಕೆಂದೂ, ಭೇಟಿಯನ್ನು ಪೂರ್ತಿಯಾಗಿ ನಿರಾಕರಿಸುವುದಕ್ಕೆ ಅಸಾಧಾರಣ ಕಾರಣಗಳಿರಬೇಕೆಂದೂ ಹೇಳಿದರು.

ಹಕ್ಕು ಮಗುವಿನದೆಂದು ಒಪ್ಪಿದ ಮೇಲೆ ಮೇಲ್ವಿಚಾರಣೆಯ ಸ್ವರೂಪವೂ ಬದಲಾಗುವುದು. ಅದು ತಪ್ಪಿತಸ್ಥನ ಮೇಲಿನ ಕಾವಲಲ್ಲ. ಮಗುವು ತನ್ನದಾದ ಸಂಬಂಧವನ್ನು ನಿರ್ಭಯವಾಗಿ ಅನುಭವಿಸುವುದಕ್ಕಾಗಿ ಒದಗಿಸಿದ ಆಸರೆ. ಆಸರೆಯು ಬೇಕಾದಷ್ಟೇ ಇರಬೇಕು, ಬೇಡವಾದಾಗ ತೆಗೆಯತಕ್ಕದ್ದು.

೪. ಕಾರಣಕ್ಕೆ ತಕ್ಕ ಏರ್ಪಾಡು

ಸಮಕ್ಷಮ ಭೇಟಿಯನ್ನು ಬೇಡುವ ಕಾರಣಗಳು ಹಲವು. ಅವೆಲ್ಲಕ್ಕೂ ಒಂದೇ ಬಗೆಯ ಏರ್ಪಾಡು ಸಲ್ಲದು.

ಮೊದಲನೆಯದು ಅಪಹರಣದ ಭಯ. ಮಗುವನ್ನು ಬೇರೆ ಊರಿಗೋ ದೇಶಕ್ಕೋ ಸಾಗಿಸಿಬಿಡುವರೆಂಬ ಶಂಕೆಯಿದ್ದಲ್ಲಿ ಕಾಯಬೇಕಾದುದು ಮಾತನ್ನಲ್ಲ, ಬಾಗಿಲನ್ನು. ಪಾಸ್‌ಪೋರ್ಟನ್ನು ನ್ಯಾಯಸ್ಥಾನದಲ್ಲಿ ಇರಿಸಿಕೊಂಡು, ಭೇಟಿಯ ಸ್ಥಳವನ್ನು ನಿಯಮಿಸಿದರೆ ಸಾಕಾಗಬಹುದು. ತಂದೆಯು ಮಗುವಿಗೆ ಹೇಳುವ ಕತೆಯನ್ನು ಇನ್ನೊಬ್ಬರು ಕಿವಿಗೊಟ್ಟು ಕೇಳುವ ಅವಶ್ಯಕತೆ ಇಲ್ಲಿಲ್ಲ.

ಎರಡನೆಯದು ಹೆಂಡತಿಯ ಮೇಲೆ ನಡೆದ ಹಿಂಸೆ. ಇಲ್ಲಿ ಅಪಾಯವು ಹೆಚ್ಚಾಗಿ ಮಗುವನ್ನು ಒಪ್ಪಿಸುವ ಮತ್ತು ಹಿಂದಕ್ಕೆ ಪಡೆಯುವ ಕ್ಷಣಗಳಲ್ಲಿರುವುದು. ಇಬ್ಬರೂ ಬೇರೆಬೇರೆ ಹೊತ್ತಿಗೆ, ಸಾಧ್ಯವಾದರೆ ಬೇರೆಬೇರೆ ಬಾಗಿಲಿನಿಂದ ಬರುವಂತೆ ಮಾಡಿದರೆ ಭೇಟಿಯ ನೆಪದಲ್ಲಿ ಹಳೆಯ ಹಿಂಸೆ ಮುಂದುವರಿಯುವುದು ತಪ್ಪುವುದು. ಇಂತಹ ಮೊಕದ್ದಮೆಯಲ್ಲಿ ತಾಯಿಯನ್ನೇ ಮೇಲ್ವಿಚಾರಕಳನ್ನಾಗಿ ಕೂರಿಸುವುದು ಅವಿವೇಕ.

ಮೂರನೆಯದು ಮಗುವಿನ ಮೇಲೆಯೇ ದೈಹಿಕ ಅಥವಾ ಲೈಂಗಿಕ ಅತ್ಯಾಚಾರ ನಡೆದಿದೆಯೆಂಬ ಆರೋಪ. ವಿಚಾರಣೆ ಮುಗಿಯುವವರೆಗೆ ಭೇಟಿಯೇ ಬೇಡವೆಂದು ತೀರ್ಮಾನಿಸುವುದು ಇಲ್ಲಿ ಅನೇಕ ವೇಳೆ ಯುಕ್ತ. ಭೇಟಿಗೆ ಬಿಟ್ಟರೂ ತರಬೇತು ಪಡೆದವರು ಪ್ರತಿಯೊಂದು ಕ್ಷಣವೂ ನೋಡುತ್ತ, ಪ್ರತಿಯೊಂದು ಮಾತನ್ನೂ ಕೇಳುತ್ತ ಇರಬೇಕು. ಅಜ್ಜಿಯೋ ಸೋದರಮಾವನೋ ಈ ಕೆಲಸಕ್ಕೆ ಸಾಲದು.

ನಾಲ್ಕನೆಯದು ಕುಡಿತ ಅಥವಾ ಚಿಕಿತ್ಸೆಗೊಳಪಡದ ಮನೋವ್ಯಾಧಿ. ಇಲ್ಲಿ ಭೇಟಿಗೆ ಮೊದಲೇ ಬಂದವರ ಸ್ಥಿತಿಯನ್ನು ನೋಡಿ, ಸರಿಯಿಲ್ಲದಿದ್ದರೆ ಆ ದಿನದ ಭೇಟಿಯನ್ನು ನಿಲ್ಲಿಸುವ ಅಧಿಕಾರ ಮೇಲ್ವಿಚಾರಕರಿಗಿರಬೇಕು. ಚಿಕಿತ್ಸೆಯು ಸಾಗಿದಂತೆ ನಿರ್ಬಂಧವೂ ಸಡಿಲಬೇಕು.

ಐದನೆಯದು ಬಹುಕಾಲದ ಅಗಲಿಕೆ. ಆರು ತಿಂಗಳ ಕೂಸನ್ನು ಬಿಟ್ಟವನು ಅದು ನಾಲ್ಕು ವರ್ಷದ್ದಾದಾಗ ಬಂದು ನಿಂತರೆ ಮಗುವಿನ ಪಾಲಿಗೆ ಆತನು ಅಪರಿಚಿತನು. ಇಲ್ಲಿ ಯಾರ ತಪ್ಪೂ ಇಲ್ಲದಿರಬಹುದು. ಬೇಕಾದುದು ಕಾವಲುಗಾರನಲ್ಲ, ಪರಿಚಯ ಮಾಡಿಸತಕ್ಕವರು. ಮಗುವಿಗೆ ಸಲುಗೆಯಿರುವ ಬಂಧುವೇ ಇದಕ್ಕೆ ಉತ್ತಮ. ಕೆಲವು ವಾರಗಳಲ್ಲಿ ಇಂತಹವರ ಅವಶ್ಯಕತೆ ತಾನಾಗಿ ತೀರಬಹುದು.

ಹೀಗೆ ಕಾರಣವು ಏರ್ಪಾಡಿನ ರೂಪವನ್ನು ನಿರ್ಣಯಿಸುವುದು. ಆದುದರಿಂದ ಆಜ್ಞೆಯಲ್ಲಿ ಮೇಲ್ವಿಚಾರಣೆಯ ಕಾರಣವನ್ನು ಬರೆಯದೆ, ನ್ಯಾಯಾಲಯದ ಆವರಣದಲ್ಲಿ ಒಂದು ಗಂಟೆ ಭೇಟಿಯೆಂದು ಮಾತ್ರ ವಿಧಿಸುವುದು ರೋಗವನ್ನು ಹೆಸರಿಸದೆ ಔಷಧ ಕೊಟ್ಟಂತೆ. ಯಾವುದು ವಾಸಿಯಾದರೆ ಔಷಧವನ್ನು ನಿಲ್ಲಿಸಬೇಕೆಂಬುದು ಯಾರಿಗೂ ತಿಳಿಯದೆ ಹೋಗುವುದು.

೫. ಮೇಲ್ವಿಚಾರಕರು

ಇತರ ದೇಶಗಳಲ್ಲಿ ಈ ಕೆಲಸವು ಒಂದು ಕಸುಬಾಗಿ ಬೆಳೆದಿದೆ. ಇಂಗ್ಲೆಂಡಿನಲ್ಲಿ ಮಕ್ಕಳ ಭೇಟಿಗೆಂದೇ ಕೇಂದ್ರಗಳುಂಟು. ೧೯೯೧ರಲ್ಲಿ ಅವುಗಳ ರಾಷ್ಟ್ರೀಯ ಸಂಘವು ಸ್ಥಾಪಿತವಾಯಿತು. ಅಲ್ಲಿ ಎರಡು ಬಗೆಗಳನ್ನು ಬೇರ್ಪಡಿಸುವರು. ಮೊದಲನೆಯದರಲ್ಲಿ ಹಲವು ಕುಟುಂಬಗಳು ಒಂದೇ ಹಜಾರದಲ್ಲಿ ಏಕಕಾಲದಲ್ಲಿ ಸೇರುವುವು. ಸ್ವಯಂಸೇವಕರು ಆಟದ ಸಾಮಾನುಗಳನ್ನೂ ತಿಂಡಿಯನ್ನೂ ಒದಗಿಸಿ, ಸ್ವಲ್ಪ ದೂರದಲ್ಲಿದ್ದು, ಯಾರು ಬಂದರು ಹೋದರೆಂಬುದನ್ನು ಮಾತ್ರ ಗುರುತಿಟ್ಟುಕೊಳ್ಳುವರು. ಎರಡನೆಯದು ಅಪಾಯವಿರುವಲ್ಲಿ ಮಾತ್ರ. ತರಬೇತಾದ ಒಬ್ಬರು ಒಂದೇ ಕುಟುಂಬದ ಬಳಿ ಕುಳಿತು, ನಡೆದದ್ದನ್ನು ಬರೆದು ನ್ಯಾಯಸ್ಥಾನಕ್ಕೆ ಒಪ್ಪಿಸುವರು. ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ ಸಂಬಳಕ್ಕೆ ಈ ಕೆಲಸ ಮಾಡುವವರು ೨೪ ಗಂಟೆಗಳ ಶಿಕ್ಷಣವನ್ನು ಪಡೆದಿರಬೇಕೆಂದು ಕಾಯಿದೆಯೇ ವಿಧಿಸಿದೆ. ಅಲ್ಲಿಯ ನಿಯಮಗಳ ಪ್ರಕಾರ ಭೇಟಿಯ ಹೊತ್ತಿನಲ್ಲಿ ಮೊಕದ್ದಮೆಯ ಮಾತೆತ್ತಕೂಡದು. ಮಗುವಿನ ಮೂಲಕ ಎದುರುಕಕ್ಷಿಗೆ ಸಂದೇಶ ಕಳುಹಿಸಕೂಡದು. ಮೇಲ್ವಿಚಾರಕರಿಗೆ ಮಗುವು ಆಡುವ ಭಾಷೆಯು ತಿಳಿದಿರಬೇಕು, ಇಲ್ಲವೆ ದುಭಾಷಿಯಿರಬೇಕು.

ಈ ಕಡೆಯ ನಿಯಮವು ನಮಗೆ ವಿಶೇಷವಾಗಿ ಗಮನಾರ್ಹವಾದುದು. ಬೆಂಗಳೂರಿನಂತಹ ನಗರದಲ್ಲಿ ಕುಟುಂಬ ನ್ಯಾಯಾಲಯಕ್ಕೆ ಬರುವ ಮಕ್ಕಳ ಮನೆಮಾತು ಕನ್ನಡ, ತುಳು, ಕೊಂಕಣಿ, ಉರ್ದು, ತೆಲುಗು, ತಮಿಳು, ಹಿಂದಿ ಹೀಗೆ ನಾನಾಬಗೆ. ತಂದೆಯು ಮಗುವಿನ ಕಿವಿಯಲ್ಲಿ ಕೊಂಕಣಿಯಲ್ಲಿ ಬೆದರಿಕೆಯ ಮಾತಾಡಿದನೋ ಲಾಲಿಯ ಮಾತಾಡಿದನೋ ಎಂಬುದು ಆ ಭಾಷೆಯನ್ನರಿಯದ ಮೇಲ್ವಿಚಾರಕನಿಗೆ ತಿಳಿಯುವುದೆಂತು? ಅಂಥವನ ಸಮಕ್ಷಮವು ಹೆಸರಿಗೆ ಮಾತ್ರ ಸಮಕ್ಷಮ.

ನಮ್ಮಲ್ಲಿ ಈ ಕೆಲಸವು ಸಾಮಾನ್ಯವಾಗಿ ನ್ಯಾಯಾಲಯದ ಆಪ್ತಸಲಹೆಗಾರರ ಮೇಲೆ, ಬಂಧುಗಳ ಮೇಲೆ, ಇಲ್ಲವೆ ಎದುರುಕಕ್ಷಿಯ ಮೇಲೆಯೇ ಬೀಳುವುದು. ಮುಂಬಯಿ, ಚೆನ್ನೈ ಮೊದಲಾದ ನಗರಗಳ ಕುಟುಂಬ ನ್ಯಾಯಾಲಯಗಳಲ್ಲಿ ಮಕ್ಕಳಿಗಾಗಿ ಪ್ರತ್ಯೇಕ ಸ್ಥಳವನ್ನು ಏರ್ಪಡಿಸಿದ್ದಾರೆ. ಆದರೆ ಗೋಡೆಯ ಮೇಲೆ ಚಿತ್ರ ಬರೆದು ಆಟಿಗೆಗಳನ್ನು ಇಟ್ಟ ಮಾತ್ರಕ್ಕೆ ಕೆಲಸ ಮುಗಿಯದು. ಒಳ್ಳೆಯ ಮೇಲ್ವಿಚಾರಕರ ಲಕ್ಷಣವನ್ನು ಹೀಗೆ ಹೇಳಬಹುದು: ಅವರು ಯಾವ ಕಕ್ಷಿಯ ಕಡೆಗೂ ವಾಲತಕ್ಕವರಲ್ಲ, ಮಗುವನ್ನು ಬಲವಂತವಾಗಿ ಯಾರ ತೊಡೆಯ ಮೇಲೂ ಕೂರಿಸತಕ್ಕವರಲ್ಲ, ಆಪತ್ತು ಕಂಡೊಡನೆ ಭೇಟಿಯನ್ನು ನಿಲ್ಲಿಸಬಲ್ಲವರು, ಕಂಡದ್ದನ್ನೂ ಕೇಳಿದ್ದನ್ನೂ ಬರೆಯುವರಲ್ಲದೆ ತಮ್ಮ ಊಹೆಯನ್ನು ಬರೆಯರು. ಮಗುವು ಅತ್ತಿತು ಎಂಬುದು ಸಂಗತಿ. ತಂದೆಯನ್ನು ದ್ವೇಷಿಸುತ್ತದೆ ಎಂಬುದು ತೀರ್ಪು. ಮಗುವು ಭಯದಿಂದ ಅಳಬಹುದು, ನಿದ್ದೆಗೆಟ್ಟು ಅಳಬಹುದು, ಹೊರಡುವ ಹೊತ್ತಾಯಿತೆಂದೂ ಅಳಬಹುದು. ತೀರ್ಪು ನ್ಯಾಯಾಧಿಪತಿಗೆ ಸೇರಿದ್ದು.

೬. ಸ್ಥಳವೂ ಕಾಲವೂ

೨೦೨೪ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ತಮಿಳುನಾಡಿನ ಒಂದು ಮೊಕದ್ದಮೆ ಬಂದಿತು. ಎರಡು ವರ್ಷದ ಹೆಣ್ಣುಮಗುವು ಮದುರೆಯಲ್ಲಿ ತಾಯಿಯ ಬಳಿಯಿದ್ದಿತು; ತಂದೆಯ ಭೇಟಿಯು ಪ್ರತಿ ಭಾನುವಾರವೂ ಕರೂರಿನಲ್ಲಿ ನಡೆಯಬೇಕೆಂದು ಕೆಳಗಿನ ಆಜ್ಞೆಯಾಗಿತ್ತು. ಹೋಗಿಬರುವ ದಾರಿ ಸುಮಾರು ೩೦೦ ಕಿಲೋಮೀಟರು. ನ್ಯಾಯಮೂರ್ತಿಗಳಾದ ವಿಕ್ರಮ್ ನಾಥ್ ಮತ್ತು ಪ್ರಸನ್ನ ವರಾಳೆಯವರು ತಂದೆಯ ಭೇಟಿಯನ್ನು ಉಳಿಸಿ, ಸ್ಥಳವನ್ನು ಬದಲಾಯಿಸಿದರು. ಮದುರೆಯ ಸಾರ್ವಜನಿಕ ಉದ್ಯಾನದಲ್ಲಿಯೋ ದೇವಾಲಯದ ಪ್ರಾಂಗಣದಲ್ಲಿಯೋ ಭಾನುವಾರ ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ತಂದೆಯು ಮಗುವಿನೊಡನಿರಬಹುದು. ಮಗುವು ತೀರ ಚಿಕ್ಕದಾದುದರಿಂದ ತಾಯಿಯು ಸುಮಾರು ಹತ್ತು ಅಡಿ ದೂರದಲ್ಲಿ ನಿಂತಿರತಕ್ಕದ್ದು.

ಈ ಆಜ್ಞೆಯಲ್ಲಿ ಕಲಿಯತಕ್ಕ ಅಂಶ ಬಹಳವುಂಟು. ಪ್ರಯಾಣದ ಹೊರೆಯನ್ನು ಮಗುವಿನ ಮೈಮೇಲಿಂದ ಇಳಿಸಿ ದೊಡ್ಡವರ ಮೇಲೆ ಹೊರಿಸಿದ್ದಾರೆ. ನ್ಯಾಯಾಲಯದ ಕೋಣೆಗೆ ಬದಲು ಮಗುವು ನಲಿದಾಡಬಲ್ಲ ಸ್ಥಳವನ್ನು ಗೊತ್ತುಮಾಡಿದ್ದಾರೆ. ಎಲ್ಲಕ್ಕಿಂತ ಮಿಗಿಲಾಗಿ, ಅಂತರವನ್ನು ಅಳೆದು ಹೇಳಿದ್ದಾರೆ. ಹತ್ತು ಅಡಿಯೆಂದರೆ ಮಗುವು ತಿರುಗಿ ನೋಡಿದಾಗ ತಾಯಿಯ ಮುಖ ಕಾಣುವಷ್ಟು ಹತ್ತಿರ. ತಂದೆಯು ಮೆಲ್ಲನೆ ಆಡಿದ ಮಾತು ತಂದೆಮಕ್ಕಳಲ್ಲಿಯೇ ಉಳಿಯುವಷ್ಟು ದೂರ.

ಕಾಲದ ವಿಷಯದಲ್ಲಿಯೂ ಲೆಕ್ಕ ಹಾಕಿ ನೋಡತಕ್ಕದ್ದು. ವಾರಕ್ಕೆ ಒಂದು ಗಂಟೆಯ ಭೇಟಿಯೆಂದರೆ ವರ್ಷಕ್ಕೆ ೫೨ ಗಂಟೆ, ಎಂದರೆ ಎರಡು ದಿವಸಕ್ಕೆ ತುಸು ಹೆಚ್ಚು. ವ್ಯಾಜ್ಯವು ಮೂರು ವರ್ಷ ನಡೆದರೆ ಆ ಮಗುವಿಗೆ ತಂದೆ ಅಥವಾ ತಾಯಿ ಎಂದರೆ ಆರೂವರೆ ದಿವಸದ ಪರಿಚಯ. ಅದರಲ್ಲಿಯೂ ವಾಯಿದೆ ಮುಂದೆ ಹೋದ ದಿವಸಗಳನ್ನೂ, ಮಗುವಿಗೆ ಜ್ವರ ಬಂದ ವಾರಗಳನ್ನೂ ಕಳೆಯಬೇಕು. ದೊಡ್ಡವರಿಗೆ ಮೂರು ವರ್ಷವೆಂದರೆ ಮೊಕದ್ದಮೆಯ ಒಂದು ಘಟ್ಟ. ಐದು ವರ್ಷದ ಮಗುವಿಗೆ ಅದು ಆಯುಸ್ಸಿನ ಅರ್ಧಕ್ಕಿಂತ ಹೆಚ್ಚು.

ದೂರದ ಊರುಗಳಲ್ಲಿರುವವರಿಗೆ ಇನ್ನೊಂದು ಉಪಾಯವುಂಟು. ಮೇಲೆ ಹೇಳಿದ ೨೦೨೦ರ ತೀರ್ಪಿನಲ್ಲಿ, ಬೇರೆ ರಾಜ್ಯದಲ್ಲಿಯೋ ದೇಶದಲ್ಲಿಯೋ ಇರುವ ತಂದೆತಾಯಿಗಳಿಗೆ ದೂರವಾಣಿ ಅಥವಾ ವಿಡಿಯೋ ಮೂಲಕ ಪ್ರತಿದಿನವೂ ಐದು ಹತ್ತು ನಿಮಿಷಗಳ ಮಾತುಕತೆಗೆ ಅವಕಾಶವಿರಬೇಕೆಂದು ಸೂಚಿಸಿದೆ. ಕರ್ನಾಟಕದಿಂದ ಹೊರನಾಡುಗಳಿಗೆ ಉದ್ಯೋಗಕ್ಕಾಗಿ ಹೋದವರ ಮನೆಗಳಲ್ಲಿ ಇದು ಬಹು ಉಪಯುಕ್ತವಾದ ಏರ್ಪಾಡು. ಆದರೆ ಇಲ್ಲಿಯೂ ಮೂರನೆಯವರೊಬ್ಬರು ಇದ್ದೇ ಇರುವರು. ಉಪಕರಣವನ್ನು ಹಿಡಿದುಕೊಂಡಿರುವ ಕೈ ಎದುರುಕಕ್ಷಿಯದು. ಆ ಕೈ ಮಗುವಿನ ಮುಖವನ್ನು ತೋರಿಸುವುದೋ ಮನೆಯ ಸೂರನ್ನು ತೋರಿಸುವುದೋ ಎಂಬುದರ ಮೇಲೆ ಆಜ್ಞೆಯ ಫಲವು ನಿಂತಿದೆ.

೭. ಆಜ್ಞೆಯು ನಡೆಯದಿದ್ದರೆ

ಮಗುವನ್ನು ಇಟ್ಟುಕೊಂಡವರು ಅದನ್ನು ಭೇಟಿಗೆ ಕರೆತರದಿದ್ದರೆ ಕಾಯಿದೆಯು ಕೈಕಟ್ಟಿ ಕೂರುವುದಿಲ್ಲ. ಕುಟುಂಬ ನ್ಯಾಯಾಲಯದ ಆಜ್ಞೆಯನ್ನು ೧೯೮೪ರ ಕಾಯಿದೆಯ ೧೮ನೆಯ ಪ್ರಕರಣದಂತೆ ಅಮಲ್ಜಾರಿ ಮಾಡಿಸಬಹುದು. ಬೇಕೆಂದೇ ಮೀರಿದವರ ಮೇಲೆ ೧೯೭೧ರ ನ್ಯಾಯಾಲಯನಿಂದನೆಯ ಕಾಯಿದೆಯ ಮೇರೆಗೆ ಕ್ರಮ ನಡೆಯಬಹುದು. ಆದರೆ ಈ ಅಸ್ತ್ರಗಳು ಮಗುವಿನ ವಿಷಯದಲ್ಲಿ ಮೊಂಡಾದುವು. ತಾಯಿಯನ್ನು ಸೆರೆಗೆ ಕಳುಹಿಸಿದ ತಂದೆಯನ್ನು ಮಗುವು ಮುಂದಿನ ಭಾನುವಾರ ಯಾವ ಮನಸ್ಸಿನಿಂದ ಕಂಡೀತು? ತಪ್ಪಿಹೋದ ಭೇಟಿಯ ಬದಲಿಗೆ ಇನ್ನೊಂದು ಭೇಟಿಯನ್ನು ಕೊಡಿಸುವುದೇ ಮೊದಲನೆಯ ಪರಿಹಾರವಾಗಿ ಆಜ್ಞೆಯಲ್ಲಿಯೇ ಬರೆದಿದ್ದರೆ ವ್ಯಾಜ್ಯವು ಕಡಮೆಯಾಗುವುದು.

ಇದರ ಇನ್ನೊಂದು ಮುಖವನ್ನು ನಮ್ಮ ಚರ್ಚೆಗಳಲ್ಲಿ ಕಾಣುವುದು ಅಪರೂಪ. ಭೇಟಿಯ ಹಕ್ಕಿಗಾಗಿ ಹೋರಾಡಿ ಗೆದ್ದವರೇ ಗೊತ್ತಾದ ದಿವಸ ಬಾರದೆ ಹೋಗುವುದುಂಟು. ಹೊಸ ಅಂಗಿ ತೊಟ್ಟು ಒಂದು ಗಂಟೆಯ ಕಾಲ ಬಾಗಿಲನ್ನು ನೋಡುತ್ತ ಕುಳಿತ ಮಗುವಿಗೆ ಆದ ನಷ್ಟಕ್ಕೆ ಅಮಲ್ಜಾರಿಯಿಲ್ಲ. ಹಕ್ಕು ಮಗುವಿನದೆಂದು ಒಪ್ಪಿದ ಮೇಲೆ ಬರುವುದು ಕರ್ತವ್ಯವೆಂದೂ ಒಪ್ಪಬೇಕಾಗುವುದು. ಮತ್ತೆಮತ್ತೆ ತಪ್ಪಿದವರ ಭೇಟಿಯನ್ನು ಪುನಃ ಪರಿಶೀಲಿಸಲು ಆಜ್ಞೆಯಲ್ಲಿ ಎಡೆಯಿರಬೇಕು.

೮. ಉಪಸಂಹಾರ

ಸಮಕ್ಷಮ ಭೇಟಿಯನ್ನು ಎರಡು ಕಡೆಯವರೂ ದೂರುವರು. ಆರೋಪವು ಸ್ಥಾಪಿತವಾಗದೆಯೇ ವರ್ಷಗಟ್ಟಲೆ ತಮ್ಮನ್ನು ಕಾವಲಿನಲ್ಲಿಡುವರೆಂದು ಒಂದು ಕಡೆಯವರು. ಹಿಂಸಿಸಿದವರಿಗೆ ಮತ್ತೆ ಬಾಗಿಲು ತೆರೆದುಕೊಡುವರೆಂದು ಇನ್ನೊಂದು ಕಡೆಯವರು. ಎರಡು ದೂರುಗಳಲ್ಲಿಯೂ ಸತ್ಯಾಂಶವುಂಟು. ಎರಡರ ಮೂಲವೂ ಒಂದೇ. ಕಾರಣವನ್ನು ಬರೆಯದ ಆಜ್ಞೆ, ಯೋಗ್ಯರನ್ನು ನೇಮಿಸದ ಮೇಲ್ವಿಚಾರಣೆ, ಕೊನೆಯ ದಿವಸವನ್ನು ಗೊತ್ತುಮಾಡದ ಏರ್ಪಾಡು, ಇವೇ ಆ ಮೂಲ.

ಆದುದರಿಂದ ಇಂತಹ ಪ್ರತಿಯೊಂದು ಆಜ್ಞೆಯೂ ಐದು ಪ್ರಶ್ನೆಗಳಿಗೆ ಉತ್ತರ ಕೊಡತಕ್ಕದ್ದು: ಏತಕ್ಕಾಗಿ? ಎಲ್ಲಿ? ಯಾರ ಸಮಕ್ಷಮದಲ್ಲಿ? ಎಷ್ಟು ಹೊತ್ತು? ಎಂದಿನವರೆಗೆ? ಕಡೆಯ ಪ್ರಶ್ನೆಗೆ ಉತ್ತರವಾಗಿ ಪುನಃಪರಿಶೀಲನೆಯ ದಿನಾಂಕವೊಂದು ಬರೆದಿರಲೇಬೇಕು. ಆ ದಿವಸ ಶಂಕೆಯು ನಿಜವಾಗಿ ಕಂಡರೆ ಭೇಟಿಯು ನಿಲ್ಲಲಿ. ಸುಳ್ಳಾಗಿ ಕಂಡರೆ ಕಾವಲು ತೆಗೆಯಲ್ಪಡಲಿ. ಇನ್ನೂ ನಿರ್ಣಯವಾಗದಿದ್ದರೆ ಕಾರಣವನ್ನು ಹೇಳಿ ಮತ್ತೊಂದು ದಿನಾಂಕವನ್ನು ಬರೆಯಲಿ. ಇವಕ್ಕೆ ಹೊಸ ಶಾಸನದ ದಾರಿ ಕಾಯಬೇಕಾದುದಿಲ್ಲ. ೧೮೯೦ರ ಮತ್ತು ೧೯೮೪ರ ಕಾಯಿದೆಗಳು ಕೊಟ್ಟಿರುವ ಅಧಿಕಾರವೇ ಸಾಕು. ಶಿಕ್ಷಣ ಪಡೆದ ಮೇಲ್ವಿಚಾರಕರನ್ನು ಒದಗಿಸುವುದು ಮಾತ್ರ ಸರ್ಕಾರಕ್ಕೂ ವಿಶ್ವವಿದ್ಯಾನಿಲಯಗಳ ಸಮಾಜಕಾರ್ಯ ವಿಭಾಗಗಳಿಗೂ ಸೇರಿದ ಹೊಣೆ. ಬೆಂಗಳೂರಿನಲ್ಲಿ ೨೦೦೭ರಲ್ಲಿ ಮಧ್ಯಸ್ಥಿಕೆ ಕೇಂದ್ರವನ್ನು ಸ್ಥಾಪಿಸಿ ವಕೀಲರ ಸಮುದಾಯದಿಂದಲೇ ಮಧ್ಯಸ್ಥರನ್ನು ತರಬೇತು ಮಾಡಿದ ಅನುಭವವು ನಮ್ಮ ನಾಡಿಗುಂಟು. ಅದೇ ಮಾದರಿಯನ್ನು ಇಲ್ಲಿಯೂ ಅನುಸರಿಸಬಹುದು.

ಮೇಲ್ವಿಚಾರಣೆಯು ತಾನು ಬೇಡವಾಗುವ ದಿನವನ್ನು ಹತ್ತಿರ ತರುವುದಕ್ಕಾಗಿಯೇ ಇರತಕ್ಕದ್ದು. ಬೆಳೆದ ಮೇಲೆ ಆ ಮಗುವು ನ್ಯಾಯಾಲಯದ ಕಡತವನ್ನು ಬಿಚ್ಚಿ ಓದಿದರೆ, ಅದರಲ್ಲಿ ತಂದೆತಾಯಿಗಳ ಕಲಹದ ವೃತ್ತಾಂತವು ಧಾರಾಳವಾಗಿ ಸಿಕ್ಕೀತು. ತನ್ನನ್ನು ಕುರಿತು ಯಾರಾದರೂ ಯೋಚಿಸಿದರೆ ಎಂಬುದು ಭೇಟಿಯ ಆಜ್ಞೆಯ ಆ ಕೆಲವು ಸಾಲುಗಳಿಂದಲೇ ಅದಕ್ಕೆ ತಿಳಿಯಬೇಕು.